ಮುಳ್ಳು ಹೇಳಿದ್ದು ಒಂದು, ಟ್ಯಾಂಕಿನಲ್ಲಿದ್ದದ್ದು ಇನ್ನೊಂದು

ಹಾಲಿನ ಗಾಡಿಯ ಮೀಟರ್ ಬದಲಿಸಿದ ಮೇಲೆ ಕುಸನೂರಿನ ನಾವು ಕಲಿತ ಪಾಠ

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ. ನಮ್ಮ ಸಂಘದ ಆರು ಕ್ಯಾನು ಹಾಲು ಹತ್ತಿಸಿಕೊಂಡು ಹೊರಟ ಗಾಡಿ ಊರು ದಾಟಿ ಒಂದು ಕಿಲೋಮೀಟರ್ ಹೋಗಿರಲಿಲ್ಲ, ಗಕ್ಕನೆ ನಿಂತುಬಿಟ್ಟಿತು. ಗಾಡಿ ನಮ್ಮ ಮನೆಯದೇ. ಹೊಡೆಯುವವನು ನನ್ನ ಮೈದುನ. ನಾನು ಆ ಸಂಘದ ಆಡಳಿತ ಮಂಡಳಿಯಲ್ಲಿದ್ದೇನೆ. ಹೀಗಾಗಿ ಅವತ್ತು ನಡೆದದ್ದರಲ್ಲಿ ನನಗೆ ಎರಡೂ ಕಡೆಯ ನೋವಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವನು ಫೋನ್ ಮಾಡಿದಾಗ ನಾನು ಎಮ್ಮೆಗೆ ಮೇವು ಹಾಕುತ್ತಿದ್ದೆ. "ವೈನಿ, ಗಾಡಿ ನಿಂತದ" ಅಂದ.

"ಡೀಸೆಲ್ ಅದ ಇಲ್ಲೋ ನೋಡಿದ್ಯಾ ತಮ್ಮಾ?" ನಾನು ಕೇಳಿದ ಮೊದಲ ಮಾತೇ ಅದು.

"ಮುಳ್ಳು ಕಾಲಿಗಿಂತ ಮ್ಯಾಲದರಿ. ಏಳೆಂಟು ಲೀಟರಿಗೇನೂ ಮೋಸಿಲ್ಲ. ಬ್ಯಾರೇನೋ ಆಗ್ಯಾದ."

ಡೀಸೆಲ್ ಇದೆ ಅಂದಮೇಲೆ ಅದನ್ನು ಬಿಟ್ಟು ಬೇರೆಲ್ಲ ಹುಡುಕಿದರು. ಬ್ಯಾಟರಿ ವೈರು ಬಿಗಿ ಮಾಡಿದರು. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರಬೇಕು ಅಂತ ಗ್ಯಾರೇಜಿನ ಹುಡುಗನನ್ನು ಕರೆಸಿದರು. ಅವನು ಬರುವುದಕ್ಕೆ ಮುಕ್ಕಾಲು ಗಂಟೆ, ಬಿಚ್ಚಿ ನೋಡುವುದಕ್ಕೆ ಅರ್ಧ ಗಂಟೆ. "ಇನ್ನೈದು ನಿಮಿಷ, ಈಗ ಶುರುವಾಗುತ್ತದೆ" ಎನ್ನುತ್ತಲೇ ಹೊತ್ತು ಏರಿತು. ಕೊನೆಗೆ ಆ ಹುಡುಗ ಟ್ಯಾಂಕಿನ ಮುಚ್ಚಳ ತೆಗೆದು ಗಾಡಿಯನ್ನು ಅಲುಗಾಡಿಸಿದ. ಒಳಗೆ ಸಪ್ಪಳವೇ ಇಲ್ಲ. ಟ್ಯಾಂಕು ಒಣಗಿ ಹೋಗಿತ್ತು.

ಪಂಪಿಗೆ ಹೋಗಿ ಡೀಸೆಲ್ ತಂದು ಹಾಕಿದರೂ ಗಾಡಿ ಎದ್ದೇಳಲಿಲ್ಲ. ಡೀಸೆಲ್ ಗಾಡಿ ಪೂರ್ತಿ ಬರಿದಾದರೆ ಪೈಪಿನೊಳಗೆ ಗಾಳಿ ಸೇರುತ್ತದೆ. ಆ ಗಾಳಿಯನ್ನು ಕೈಪಂಪಿನಿಂದ ಹೊರಹಾಕುವವರೆಗೆ ಇಂಜಿನ್ ಹಿಡಿಯುವುದಿಲ್ಲ. ಅಷ್ಟರಲ್ಲಿ ಬೇರೆ ಗಾಡಿ ಕರೆಸಿ ಕ್ಯಾನುಗಳನ್ನು ಕಳಿಸಿದೆವು. ಡೇರಿಗೆ ಮುಟ್ಟುವಾಗ ಎರಡೂವರೆ ಗಂಟೆ ತಡವಾಗಿತ್ತು. ಆರು ಕ್ಯಾನಿನಲ್ಲಿ ಎರಡು ಪಾಸಾದವು. ನಾಲ್ಕು ಕ್ಯಾನಿನ ಹಾಲು ಕುದಿಸುವ ಪರೀಕ್ಷೆಯಲ್ಲಿ ಒಡೆಯಿತು. ಒಂದು ಕ್ಯಾನಿಗೆ 40 ಲೀಟರ್, ನಾಲ್ಕಕ್ಕೆ 160 ಲೀಟರ್.

ಇದರಲ್ಲಿ ಡೇರಿಯವರ ತಪ್ಪೇನಿಲ್ಲ. ಕೆಚ್ಚಲಿನಿಂದ ಬಂದ ಹಾಲು ನಮ್ಮ ಮೈಯಷ್ಟೇ ಬೆಚ್ಚಗಿರುತ್ತದೆ. ಅದನ್ನು 4 ಡಿಗ್ರಿಗೆ ತಣಿಸುವವರೆಗೆ ಹುಳಿ ಮಾಡುವ ಸೂಕ್ಷ್ಮಾಣುಗಳು ಬೆಳೆಯುತ್ತಲೇ ಇರುತ್ತವೆ. ಬೆಚ್ಚಗಿನ ಹಾಲಿನಲ್ಲಿ ಅವು ಅರ್ಧ ಗಂಟೆಗೆ ಒಮ್ಮೆ ಇಮ್ಮಡಿಯಾದರೂ ಎರಡೂವರೆ ಗಂಟೆಯಲ್ಲಿ ಒಂದು ಮೂವತ್ತೆರಡಾಗುತ್ತದೆ. ನಮ್ಮ ಕಲಬುರಗಿಯ ಬಿಸಿಲು ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು.

ಸಂಜೆ ಸಂಘದ ಮುಂದೆ ಹೆಣ್ಣುಮಕ್ಕಳೆಲ್ಲ ಸೇರಿದರು. ಒಂದೇ ಎಮ್ಮೆಯ ಮೇಲೆ ಮನೆ ನಡೆಸುವ ಒಬ್ಬ ಹಿರಿಯರು ಏನೂ ಮಾತಾಡಲಿಲ್ಲ, ಸುಮ್ಮನೆ ಕಟ್ಟೆ ಮೇಲೆ ಕೂತಿದ್ದರು. ಬೈದವರ ಮಾತಿಗಿಂತ ಅವರು ಸುಮ್ಮನಿದ್ದದ್ದೇ ನನಗೆ ಹೆಚ್ಚು ಚುಚ್ಚಿತು. "ಡೀಸೆಲ್ ಹಾಕ್ಸೋ ರೊಕ್ಕ ಉಳಿಸ್ಲಾಕ ಹೋಗಿ ನಮ್ಮ ಹಾಲು ಕೆಡಿಸಿದ" ಎಂದರು ಒಬ್ಬರು. "ಮುಳ್ಳು ತೋರಿಸ್ತಿತ್ತು" ಎಂದು ಮೈದುನ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಪೂರ್ತಿ ನಂಬಿಕೆ ಬರಲಿಲ್ಲ.

ಮೂರು ವಾರದ ಹಿಂದೆ ಆದದ್ದು

ರಾತ್ರಿ ಕೂತು ಲೆಕ್ಕ ಹಾಕಿದಾಗ ಒಂದು ಸಂಗತಿ ನೆನಪಾಯಿತು. ಮೂರು ವಾರದ ಹಿಂದೆ ಗಾಡಿ ಗುಂಡಿಯೊಂದರಲ್ಲಿ ಧಡಲ್ ಎಂದು ಇಳಿದು, ಸ್ಟೇರಿಂಗಿನ ಮುಂದಿರುವ ಮೀಟರ್ ಬೋರ್ಡಿನ ದೀಪ ಆರಿ ಮುಳ್ಳುಗಳೆಲ್ಲ ಸತ್ತಿದ್ದವು. ಹೊಸ ಮೀಟರಿಗೆ ಬಹಳ ಖರ್ಚು ಎಂದು ಗುಜರಿಯಿಂದ ಅದೇ ಮಾದರಿ ಗಾಡಿಯ ಹಳೇ ಮೀಟರ್ ತಂದು ಕೂರಿಸಿದ್ದೆವು. ದೀಪ ಹತ್ತಿತು, ಮುಳ್ಳು ಎದ್ದವು. ಟ್ಯಾಂಕು ತುಂಬಿಸಿದಾಗ ಮುಳ್ಳು ಸರಿಯಾಗಿ ತುದಿಗೇ ಹೋಯಿತು. ಸರಿಯಾಯಿತು ಅಂದುಕೊಂಡೆವು.

ಮೊದಲ ಎರಡು ವಾರ ಅವನು ಮೇಲಿಂದ ಮೇಲೆ ಡೀಸೆಲ್ ಹಾಕಿಸುತ್ತಿದ್ದ. ಟ್ಯಾಂಕು ಕೆಳಗೆ ಇಳಿಯಲೇ ಇಲ್ಲ, ತಪ್ಪು ಗೊತ್ತಾಗಲೇ ಇಲ್ಲ. ಆ ವಾರ ಮಾತ್ರ ಹಾಲಿಳಿಸಿದ ಮೇಲೆ ಎರಡು ಸಲ ಕಮಲಾಪುರಕ್ಕೆ ಹೋಗಿ ಕೆಂಪು ಬಾಳೆ ತಂದಿದ್ದ. ಸಂಜೆ ಬಂದಾಗ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಕೆಳಗಿತ್ತು. ನಮ್ಮದು 30 ಲೀಟರ್ ಟ್ಯಾಂಕು. ಹನ್ನೆರಡು ಲೀಟರ್ ಇದೆ ಎಂದು ಅವನ ಲೆಕ್ಕ. ನಾಳೆ ಹಾಕಿಸಿದರಾಯಿತು ಎಂದು ಮನೆಗೆ ಬಂದಿದ್ದ.

ಮರುದಿನ ಗಾಡಿಯನ್ನು ನಗರದ ಒಬ್ಬ ಹಿರಿಯ ಮಿಸ್ತ್ರಿಯ ಬಳಿ ಒಯ್ದೆವು. ನಾನೂ ಹೋದೆ, ಸಂಘದ ಇನ್ನಿಬ್ಬರು ಅಕ್ಕಂದಿರನ್ನೂ ಕರೆದುಕೊಂಡು ಹೋದೆ. ಅವರ ಕಣ್ಣೆದುರೇ ಪರೀಕ್ಷೆ ಆಗಲಿ ಎಂದು.

ಮುಳ್ಳಿಗೆ ಹೇಗೆ ಗೊತ್ತಾಗುತ್ತದೆ?

ಮಿಸ್ತ್ರಿ ಮೊದಲು ನಮಗೆ ವಿಷಯ ತಿಳಿಸಿ ಹೇಳಿದರು. ಟ್ಯಾಂಕಿನ ಒಳಗೆ ಒಂದು ಫ್ಲೋಟ್ ಇರುತ್ತದೆ. ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತದಲ್ಲ, ಹಾಗೇ. ಡೀಸೆಲ್ ಏರಿದರೆ ಅದು ಏರುತ್ತದೆ, ಇಳಿದರೆ ಇಳಿಯುತ್ತದೆ. ಅದರ ಕಡ್ಡಿಯ ಇನ್ನೊಂದು ತುದಿ ಒಂದು ಪಟ್ಟಿಯ ಮೇಲೆ ಸರಿದಾಡುತ್ತದೆ. ಕಡ್ಡಿ ಸರಿದಂತೆ ಕರೆಂಟು ಹರಿಯುವುದಕ್ಕೆ ಆಗುವ ತಡೆ ಹೆಚ್ಚು ಕಡಿಮೆ ಆಗುತ್ತದೆ. ಈ ತಡೆಯನ್ನು ಓಮ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೀಟರ್ ಬೋರ್ಡು ನೋಡುವುದು ಈ ತಡೆಯನ್ನು ಮಾತ್ರ. ಅದು ಡೀಸೆಲ್ಲನ್ನು ಎಂದೂ ಕಂಡಿಲ್ಲ.

ಗೊಂದಲ ಇಲ್ಲಿಯೇ ಇರುವುದು. ಎಲ್ಲ ಗಾಡಿಗಳ ಲೆಕ್ಕ ಒಂದೇ ಅಲ್ಲ. ಒಂದು ಬಗೆಯ ಟ್ಯಾಂಕು ಖಾಲಿ ಇದ್ದಾಗ 10 ಓಮ್, ತುಂಬಿದಾಗ 180 ಓಮ್ ತೋರಿಸುತ್ತದೆ. ಇನ್ನೊಂದು ಬಗೆಯದು ತದ್ವಿರುದ್ಧ: ಖಾಲಿಗೆ 240, ತುಂಬಿದರೆ 33. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಒಂದರ ಟ್ಯಾಂಕಿಗೆ ಇನ್ನೊಂದರ ಮೀಟರ್ ಜೋಡಿಸಿದರೆ ಸುದ್ದಿ ಹೇಳುವವರ ಭಾಷೆ ಒಂದು, ಕೇಳುವವರ ಭಾಷೆ ಇನ್ನೊಂದು ಆದಂತೆ.

ಅವರು ನಮ್ಮ ಹಳೇ ಮೀಟರನ್ನೂ ಗುಜರಿಯ ಮೀಟರನ್ನೂ ಬೋರಲು ಹಾಕಿ ಬೆನ್ನಿನ ಚೀಟಿ ತೋರಿಸಿದರು. ನಂಬರಿನ ಕೊನೆಯ ಅಕ್ಷರಗಳು ಬೇರೆ ಇದ್ದವು. ಗುಜರಿಯದು ಅದೇ ಮಾದರಿಯ ಪೆಟ್ರೋಲ್ ಗಾಡಿಯದು. "ನೋಡ್ಲಾಕ ಅವಳಿ-ಜವಳಿ ಇದ್ದಂಗ ಅವರಿ ಅಕ್ಕಾ. ಖರೇ ಅಂದ್ರ ಇವಕ್ಕೂ ಅವಕ್ಕೂ ಮಾತೇ ಇಲ್ಲ" ಎಂದು ನಕ್ಕರು.

ಐದೈದು ಲೀಟರಿನ ಪರೀಕ್ಷೆ

ಮಾತು ಬೇಡ, ಅಳೆದೇ ನೋಡೋಣ ಎಂದು ನಾವು ಪಟ್ಟು ಹಿಡಿದೆವು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಟ್ಯಾಂಕು ಪೂರ್ತಿ ಬರಿದು ಮಾಡಿದರು. ಆಮೇಲೆ ಅಳತೆ ಡಬ್ಬಿಯಿಂದ ಐದೈದು ಲೀಟರ್ ಹಾಕುತ್ತ, ಪ್ರತಿ ಸಲ ಚಾವಿ ತಿರುಗಿಸಿ ಎರಡು ನಿಮಿಷ ಕಾದು ಮುಳ್ಳು ನೋಡಿದೆವು. ಕಾಯಬೇಕು ಯಾಕೆಂದರೆ, ಗಾಡಿ ಕುಲುಕಿದಾಗ ಮುಳ್ಳು ಕುಣಿಯಬಾರದು ಎಂದು ಅದನ್ನು ನಿಧಾನವಾಗಿಯೇ ಏಳುವಂತೆ ಮಾಡಿರುತ್ತಾರೆ. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡದ್ದು ಹೀಗಿದೆ:

ಖಾಲಿ ಟ್ಯಾಂಕು: ಮುಳ್ಳು ಕಾಲಿಗಿಂತ ಮೇಲೆ
5 ಲೀಟರ್: ಅರ್ಧಕ್ಕಿಂತ ಸ್ವಲ್ಪ ಕೆಳಗೆ
10 ಲೀಟರ್: ಅರ್ಧ ದಾಟಿದೆ
15 ಲೀಟರ್: ಮುಕ್ಕಾಲಿಗೆ ಹತ್ತಿರ
20 ಲೀಟರ್: ಮುಕ್ಕಾಲು ದಾಟಿದೆ
30 ಲೀಟರ್: ಪೂರ್ತಿ ತುಂಬಿದೆ

ತುಂಬಿದಾಗ ಸರಿ, ಇಳಿದಂತೆಲ್ಲ ಸುಳ್ಳು. ಟ್ಯಾಂಕಿನಲ್ಲಿ ಒಂದು ಹನಿ ಇಲ್ಲದಿದ್ದರೂ ಮುಳ್ಳು ಕಾಲಿನ ಮೇಲೇ ನಿಂತಿತ್ತು. ಡೀಸೆಲ್ ಮುಗಿಯುತ್ತ ಬಂದಾಗ ಹತ್ತುವ ಹಳದಿ ದೀಪ ಯಾಕೆ ಹತ್ತಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು. ನಮ್ಮ ಗಾಡಿಯಲ್ಲಿ ಆ ದೀಪ ಹೊತ್ತಿಸುವುದೂ ಅದೇ ಮೀಟರು, ಅದೇ ಲೆಕ್ಕದಿಂದ. ಮುಳ್ಳು ತಪ್ಪಿದರೆ ದೀಪವೂ ತಪ್ಪುತ್ತದೆ.

ಜೊತೆಗೆ ಬಂದಿದ್ದ ಇಬ್ಬರಲ್ಲಿ ಒಬ್ಬರು ಹಿಂದಿನ ಸಂಜೆ ನನ್ನ ಮೈದುನನಿಗೆ ಜೋರಾಗಿ ಬೈದವರೇ. ಪುಸ್ತಕದಲ್ಲಿನ ಲೆಕ್ಕ ನೋಡಿ, "ನಾ ಸುಮ್ನ ಬೈದ್ನೆಪಾ ನಿನಗ" ಎಂದರು. ಅವನು ತಲೆ ತಗ್ಗಿಸಿದ. "ಮೀಟರ್ ಹಾಕ್ಸಿದ ದಿನಾನೇ ಅಳದು ನೋಡ್ಬೇಕಿತ್ತರೀ ಅಕ್ಕಾ. ಅದು ನಂದೇ ತಪ್ಪು" ಎಂದ.

ಸರಿ ಮಾಡಿದ್ದು ಹೇಗೆ?

ಮಿಸ್ತ್ರಿ ಬೇರೆ ಮೀಟರ್ ಹುಡುಕಲು ಹೋಗಲಿಲ್ಲ. ನಮ್ಮ ಹಳೇ ಮೀಟರನ್ನೇ ಎಲೆಕ್ಟ್ರಾನಿಕ್ಸ್ ರಿಪೇರಿಯವರಿಂದ ಬಿಚ್ಚಿಸಿ ನೋಡಿದರು. ಗುಂಡಿಯ ಪೆಟ್ಟಿಗೆ ಒಳಗಿನ ಬೆಸುಗೆ ಸೀಳಿತ್ತು. ಮತ್ತೆ ಬೆಸುಗೆ ಹಾಕಿದ ಮೇಲೆ ಮುಳ್ಳುಗಳು ಎದ್ದವು. ಖರ್ಚು ಗುಜರಿಯ ಮೀಟರಿಗಿಂತ ಕಡಿಮೆ. ಮೊದಲೇ ಕೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಟ್ಯಾಂಕಿನ ಮೇಲಿನ ಅರ್ಥಿಂಗ್ ವೈರನ್ನೂ ಬಿಚ್ಚಿ ನೋಡಿದರು. ತುಕ್ಕು ಹಿಡಿದಿತ್ತು. ಉಜ್ಜಿ, ಬಿಗಿ ಮಾಡಿದರು. ಆ ತುಕ್ಕೂ ಒಂದು ತಡೆಯೇ. ಅಷ್ಟರಿಂದಲೇ ಮುಳ್ಳು ತಪ್ಪು ತೋರಿಸಬಹುದು. ಕೊನೆಗೆ ಐದೈದು ಲೀಟರಿನ ಪರೀಕ್ಷೆ ಮತ್ತೊಮ್ಮೆ ಮಾಡಿಸಿದೆವು. 15 ಲೀಟರಿಗೆ ಮುಳ್ಳು ಸರಿಯಾಗಿ ಅರ್ಧಕ್ಕೆ ಬಂದು ನಿಂತಿತು.

ನಿಮ್ಮ ಮನೆಯ ಗಾಡಿಗೆ ಹೀಗಾದರೆ

ಹಾಲಿನ ಗಾಡಿಯೇ ಆಗಬೇಕಿಲ್ಲ. ಮನೆಯ ಕಾರು, ಜೀಪು, ಟ್ರ್ಯಾಕ್ಟರು, ಯಾವುದರ ಮೀಟರ್ ಬದಲಿಸಿದರೂ ಈ ಮಾತು ನೆನಪಿಡಿ.

1. ಹೊಸ ಮೀಟರ್ ಕೊಳ್ಳುವ ಮೊದಲು ಹಳೆಯದು ರಿಪೇರಿ ಆಗುತ್ತದೆಯೇ ಕೇಳಿ. ಕೊಳ್ಳಲೇಬೇಕಾದರೆ ಬೆನ್ನಿನ ನಂಬರು ಕೊನೆಯ ಅಕ್ಷರದವರೆಗೂ ಒಂದೇ ಇರಲಿ. ಮಾದರಿ ಒಂದೇ ಇದ್ದರೆ ಸಾಲದು. ಡೀಸೆಲ್ಲೋ ಪೆಟ್ರೋಲೋ, ಯಾವ ವರ್ಷದ್ದು, ಟ್ಯಾಂಕು ಎಷ್ಟು ಲೀಟರಿನದು, ಇವೂ ಹೊಂದಬೇಕು.

2. ಮೀಟರ್ ಬದಲಿಸುವ ಮುಂಚೆ ಮುಳ್ಳು ಸರಿ ಇತ್ತೇ? ಇದ್ದರೆ ಟ್ಯಾಂಕಿನೊಳಗಿನ ಫ್ಲೋಟಿನ ಮೇಲೆ ಮೊದಲು ಅನುಮಾನ ಬೇಡ. ಮೀಟರು, ಅದರ ಹಿಂದಿನ ಪ್ಲಗ್ಗು, ಅರ್ಥಿಂಗ್ ವೈರು, ಇವನ್ನು ನೋಡಿಸಿ. ಸುಮ್ಮನೆ ಟ್ಯಾಂಕು ಇಳಿಸಿ ಖರ್ಚು ಮಾಡಿಕೊಳ್ಳಬೇಡಿ.

3. ತಪ್ಪಿನ ರೀತಿಯೇ ಕಾರಣ ಹೇಳುತ್ತದೆ. ಖಾಲಿಯಿಂದ ತುಂಬುವವರೆಗೆ ಎಲ್ಲ ಕಡೆ ಒಂದೇ ಅಷ್ಟು ಹೆಚ್ಚೋ ಕಡಿಮೆಯೋ ತೋರಿಸಿದರೆ, ಮೀಟರ್ ಬಿಚ್ಚಿದಾಗ ಮುಳ್ಳನ್ನು ಕಿತ್ತು ಓರೆಯಾಗಿ ಒತ್ತಿರಬಹುದು. ಇದು ಸೊನ್ನೆಗೆ ಬಾರದ ತಕ್ಕಡಿಯಂತೆ. ಒಂದು ತುದಿಯಲ್ಲಿ ಸರಿ, ಇನ್ನೊಂದು ತುದಿಯಲ್ಲಿ ತಪ್ಪು, ಇಲ್ಲವೇ ಪೂರ್ತಿ ಉಲ್ಟಾ ಆದರೆ ಮೀಟರಿಗೂ ಟ್ಯಾಂಕಿಗೂ ಜೋಡಿ ಇಲ್ಲ. ಮುಳ್ಳು ಇದ್ದಕ್ಕಿದ್ದಂತೆ ಬಿದ್ದು ಏಳುತ್ತಿದ್ದರೆ ಪ್ಲಗ್ಗು ಸಡಿಲ, ಇಲ್ಲವೇ ಫ್ಲೋಟಿನ ಪಟ್ಟಿ ಸವೆದಿದೆ.

4. ಮಿಸ್ತ್ರಿಯ ಬಳಿ ಮಲ್ಟಿಮೀಟರ್ ಇರಬೇಕು. ಟ್ಯಾಂಕಿನ ಪ್ಲಗ್ಗು ಬಿಚ್ಚಿ, ಫ್ಲೋಟು ಕೆಳಗಿದ್ದಾಗ ಎಷ್ಟು ಓಮ್, ಮೇಲಿದ್ದಾಗ ಎಷ್ಟು ಓಮ್ ಎಂದು ಅಳೆದು ಆ ಗಾಡಿಯ ಲೆಕ್ಕಕ್ಕೆ ಹೋಲಿಸಿದರೆ ತಪ್ಪು ಟ್ಯಾಂಕಿನದೋ ಮೀಟರಿನದೋ ಗೊತ್ತಾಗುತ್ತದೆ. ಈಚಿನ ಹೊಸ ಗಾಡಿಗಳಲ್ಲಿ ಮೀಟರ್ ಬೋರ್ಡೇ ಒಂದು ಸಣ್ಣ ಕಂಪ್ಯೂಟರ್. ಅಂಥದಕ್ಕೆ ಕಂಪನಿಯ ಸ್ಕ್ಯಾನರ್ ಹಚ್ಚಿ ಗಾಡಿಯ ವಿವರ ತುಂಬಿಸಬೇಕಾಗುತ್ತದೆ. ಕೂರಿಸಿದರಷ್ಟೇ ಆಗುವುದಿಲ್ಲ.

5. ಮೀಟರ್ ಬದಲಿಸಿದ ದಿನ ಹಳೇ ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇತ್ತು, ಹೊಸದರಲ್ಲಿ ಎಷ್ಟಿದೆ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಾಳೆ ಗಾಡಿ ಮಾರುವಾಗ ಕಿಲೋಮೀಟರ್ ತಿದ್ದಿದ್ದಾರೆ ಎಂಬ ಮಾತು ಬರಬಾರದು.

6. ಮುಳ್ಳು ಸರಿ ಇದ್ದರೂ ಕಿಲೋಮೀಟರ್ ಲೆಕ್ಕ ಇಡಿ. ಟ್ಯಾಂಕು ತುಂಬಿಸಿ ಕಿಲೋಮೀಟರ್ ಬರೆದುಕೊಳ್ಳಿ. ಮತ್ತೆ ತುಂಬಿಸುವಾಗ 240 ಕಿಲೋಮೀಟರ್ ಓಡಿ 15 ಲೀಟರ್ ಹಿಡಿಸಿದರೆ ಲೀಟರಿಗೆ 16 ಬಂತು. 30 ಲೀಟರಿಗೆ 480. ಅಷ್ಟೂ ಓಡಿಸದೆ 350ಕ್ಕೆಲ್ಲ ತುಂಬಿಸಿಬಿಡಿ. ಬದಲಿಸಿದ ಮೀಟರ್ ದೂರವನ್ನು ಸರಿಯಾಗಿ ಎಣಿಸುತ್ತದೆಯೇ ಎಂದು ರಸ್ತೆ ಬದಿಯ ಕಿಲೋಮೀಟರ್ ಕಲ್ಲಿಗೆ ಹೋಲಿಸಿ ನೋಡಿ.

7. ಪಂಪಿನ ಅಳತೆಯ ಮೇಲೆ ಅನುಮಾನ ಬಂದರೆ ಕೇಳುವ ಹಕ್ಕು ನಿಮಗಿದೆ. ಪ್ರತಿ ಪಂಪಿನಲ್ಲೂ ಮುದ್ರೆ ಹಾಕಿದ 5 ಲೀಟರಿನ ಅಳತೆ ಪಾತ್ರೆ ಇರಬೇಕು. ನಿಮ್ಮೆದುರೇ ಅಳೆದು ತೋರಿಸಿ ಎನ್ನಿ. 5 ಲೀಟರಿಗೆ 25 ಮಿಲಿಲೀಟರಿಗಿಂತ ಹೆಚ್ಚು ವ್ಯತ್ಯಾಸ ಇರುವಂತಿಲ್ಲ.

8. ಟ್ಯಾಂಕಿನ ಕೆಲಸ ಬಯಲಿನಲ್ಲಿ ಮಾಡಿಸಿ. ಬ್ಯಾಟರಿಯ ವೈರು ಬಿಚ್ಚಿಸಿ. ಹತ್ತಿರ ಬೀಡಿ, ಬೆಂಕಿ, ಮಕ್ಕಳು ಇರಬಾರದು. ಹಾಲಿನ ಕ್ಯಾನಿನಲ್ಲಿ ಎಂದೂ ಡೀಸೆಲ್ ಹಿಡಿಯಬೇಡಿ. ಡೀಸೆಲ್ ಡಬ್ಬಿಯನ್ನು ಹಾಲಿನ ಕ್ಯಾನಿನ ಪಕ್ಕದಲ್ಲಿ ಇಡಲೂಬೇಡಿ. ಹಾಲು ಬೇಗ ವಾಸನೆ ಹಿಡಿಯುತ್ತದೆ.

ಸಂಘದಲ್ಲಿ ಈಗ

ಕೆಟ್ಟ ಹಾಲಿನ ಲೆಕ್ಕ ಏನಾಯಿತು ಎಂದು ಕೇಳುತ್ತೀರಿ. ತಪ್ಪು ಮೀಟರಿನದಾದರೂ ಗಾಡಿ ನಮ್ಮದು, ಅಳೆದು ನೋಡದೆ ಓಡಿಸಿದವರೂ ನಾವು. ನಾಲ್ಕು ಕ್ಯಾನಿನ ಹಣವನ್ನು ಗಾಡಿ ಬಾಡಿಗೆಯಲ್ಲಿ ಮೂರು ಕಂತಾಗಿ ಹಿಡಿದುಕೊಳ್ಳಿ ಎಂದು ನಾವೇ ಬರೆದುಕೊಟ್ಟೆವು. ಮೊದಲ ಕಂತು ಆ ಒಂದೆಮ್ಮೆಯ ಹಿರಿಯರಿಗೆ ಹೋಗಲಿ ಎಂದು ಸಭೆಯೇ ಹೇಳಿತು. ಅವರು ಹಣ ತೆಗೆದುಕೊಳ್ಳುವಾಗ, "ಹುಡುಗ ಸುಳ್ಳು ಹೇಳಿಲ್ಲಂತ ತಿಳಿತಲ್ಲ, ಅದೇ ದೊಡ್ಡದು" ಎಂದರು.

ಅದೇ ಸಭೆಯಲ್ಲಿ ಎರಡು ನಿಯಮ ಬರೆದೆವು. ಒಂದು, ಗಾಡಿ ನಿಂತು ಇಪ್ಪತ್ತು ನಿಮಿಷದಲ್ಲಿ ಹೊರಡದಿದ್ದರೆ ಕಾರಣ ಹುಡುಕುತ್ತ ಕೂರದೆ ಬೇರೆ ಗಾಡಿಗೆ ಕ್ಯಾನು ಹತ್ತಿಸಬೇಕು. ಗಾಡಿ ಬರುವವರೆಗೆ ಕ್ಯಾನುಗಳನ್ನು ನೆರಳಿಗಿಳಿಸಿ ಒದ್ದೆ ಗೋಣಿಚೀಲ ಸುತ್ತಬೇಕು. ಎರಡು, ಗಾಡಿಯಲ್ಲಿ ಒಂದು ಪುಸ್ತಕ ಇರಬೇಕು. ಡೀಸೆಲ್ ಹಾಕಿಸಿದ ದಿನ, ಲೀಟರು, ಕಿಲೋಮೀಟರು ಮೂರನ್ನೂ ಬರೆಯಬೇಕು.

ಆಗ ಹಿಂದೆ ಕೂತಿದ್ದ ಒಬ್ಬ ಸೊಸೆ ಎದ್ದು ಕೇಳಿದಳು: "ಹಂಗಾದ್ರ ನಮ್ಮ ಫ್ಯಾಟ್ ಮಷೀನ್? ಅದಕ್ಕೂ ಹೋದ ತಿಂಗಳು ರಿಪೇರಿ ಮಾಡ್ಸಿದ್ರಲ್ಲ, ಆಮ್ಯಾಲ ಅಳದು ನೋಡಿದ್ರೇನ್?"

ಸಭೆ ಒಂದು ಕ್ಷಣ ಸುಮ್ಮನಾಯಿತು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಹಾಲು ಪರೀಕ್ಷಿಸುವ ಮಷೀನೂ ತನಗೆ ತಿಳಿದ ಲೆಕ್ಕದಿಂದ ಅಂಕಿ ಹೇಳುತ್ತದೆ. ಬಿಚ್ಚಿ ರಿಪೇರಿ ಮಾಡಿದ ಮೇಲೆ ಅದೇ ಹಾಲನ್ನು ಗರ್ಬರ್ ವಿಧಾನದಲ್ಲಿಯೂ ಪರೀಕ್ಷಿಸಿ ಎರಡರ ಅಂಕಿ ಹೊಂದುತ್ತವೆಯೇ ನೋಡಬೇಕು. ತೂಕದ ಎಲೆಕ್ಟ್ರಾನಿಕ್ ಕಾಟಾಕ್ಕೆ ಸರ್ಕಾರ ವರ್ಷಕ್ಕೊಮ್ಮೆ ಮುದ್ರೆ ಹಾಕುವುದೂ ಇದಕ್ಕೇ. ಮರುದಿನವೇ ಮಷೀನಿನ ಪರೀಕ್ಷೆಗೆ ಒಕ್ಕೂಟದ ಮೇಲ್ವಿಚಾರಕರನ್ನು ಕರೆಸಲು ಠರಾವು ಮಾಡಿದೆವು. ಅದನ್ನು ಬರೆಸಿದವಳು ಆ ಸೊಸೆಯೇ.

ನಮ್ಮ ಗಾಡಿಯ ಮೀಟರಿನ ಪಕ್ಕದಲ್ಲಿ ಈಗ ಒಂದು ಚೀಟಿ ಅಂಟಿಸಿದೆ. ಎಷ್ಟು ಲೀಟರಿಗೆ ಮುಳ್ಳು ಎಲ್ಲಿರಬೇಕು ಎಂದು ನನ್ನ ಕೈಬರಹದಲ್ಲಿದೆ. ಮೊನ್ನೆ ಬೆಳಿಗ್ಗೆ ಕ್ಯಾನು ಹತ್ತಿಸುವಾಗ ಆ ಒಂದೆಮ್ಮೆಯ ಹಿರಿಯರು ಕಿಟಕಿಯಲ್ಲಿ ಬಗ್ಗಿ, "ಎಷ್ಟದಪಾ ಇವತ್ತ?" ಎಂದು ಕೇಳಿದರು.

ಮೈದುನ ಮುಳ್ಳು ನೋಡಲಿಲ್ಲ. ಪುಸ್ತಕ ತೆಗೆದು ನೋಡಿ, "ಹದಿನೆಂಟು ಲೀಟರ್ ಅದರಿ ಆಯಿ" ಎಂದು ಗಾಡಿ ಶುರು ಮಾಡಿದ.

(ಸಂಘದ ಸದಸ್ಯೆ, ಕುಸನೂರ)